ಎದ್ದು ನಿಂತ ಪಿಟೀಲು

ನಮ್ಮ ಮನೆಯಲ್ಲಿ ಪಿಟೀಲು ಅಂದರೆ ಚಾಪೆ. ಸಂಜೆ ದೀಪ ಹಚ್ಚಿದ ಮೇಲೆ ಚಿಕ್ಕಮ್ಮ ಚಾಪೆ ಹಾಸಿ ಕೂತು, ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಪಿಟೀಲಿನ ಸುರುಳಿ ತಲೆಯನ್ನು ಪಾದದ ಮೇಲಿಟ್ಟು, ಇನ್ನೊಂದು ತುದಿಯನ್ನು ಎದೆಗೆ ಒತ್ತಿಕೊಂಡು ಕಮಾನು ಎಳೆಯುತ್ತಿದ್ದರು. ಹನುಮಂತನಗರದ ಆ ಮನೆಯಲ್ಲಿ ಪಿಟೀಲು ಎದ್ದು ನಿಂತಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಹಾಗಾಗಿ ಸ್ವರಾತ್ಮ ಬ್ಯಾಂಡನ್ನು ಮೊದಲ ಸಲ ಒಂದು ಕಾಲೇಜು ಫೆಸ್ಟ್‌ನಲ್ಲಿ ನೋಡಿದಾಗ, ಹಾಡುವವರು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆ ತುಂಬಾ ಕುಣಿಯುತ್ತಿದ್ದರೂ, ನಾನು ಮಾತ್ರ ಪಿಟೀಲಿನವರನ್ನೇ ನೋಡುತ್ತಿದ್ದೆ. ಅವರು ನಿಂತು ನುಡಿಸುತ್ತಿದ್ದರು. ಅದೂ ಸುಮ್ನೆ ನಿಂತಿರಲಿಲ್ಲ, ಓಡಾಡುತ್ತಿದ್ದರು. ಕಮಾನು ಪಕ್ಕದವರ ಕಣ್ಣಿಗೆ ಚುಚ್ಚಿಬಿಟ್ಟರೆ ಅಂತ ನನಗೆ ಒಂದೇ ಭಯ.

ನನ್ನ ಜೊತೆ ಬಂದಿದ್ದ ಗೆಳೆಯ, ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಟೀ ಶರ್ಟ್ ಹಾಕಿದ್ದ. 2007ರಲ್ಲಿ ಅರಮನೆ ಮೈದಾನಕ್ಕೆ ಅವರು ಬಂದಾಗ ಕೊಂಡದ್ದು, ಆಮೇಲೆ ಅದನ್ನು ಒಗೆದಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಮೂರನೇ ಹಾಡಿಗೆ ಅವನು ನನ್ನ ಕಿವಿಯಲ್ಲಿ ಕೂಗಿದ: 'ಇದು ರಾಕ್ ಅಲ್ಲ ಮಗಾ, ಜಾತ್ರೆ!' ಬೈಗುಳ ಅಂದುಕೊಂಡೇ ಹೇಳಿದ್ದ. ಆದರೆ ಈ ಬ್ಯಾಂಡ್ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಫೋಕ್ ರಾಕ್, ಫ್ಯೂಷನ್ ಅಂತೆಲ್ಲ ಬರೆಯುತ್ತಾರಲ್ಲ, ಅದೆಲ್ಲ ಅಂಗಡಿಯಲ್ಲಿ ಸಿಡಿ ಯಾವ ಕಪಾಟಿನಲ್ಲಿಡಬೇಕು ಅನ್ನುವವರ ತಲೆನೋವು. ಜಾತ್ರೆಯಲ್ಲಿ ಎಲ್ಲರೂ ಒಟ್ಟಿಗೆ ಸದ್ದು ಮಾಡುತ್ತಾರೆ. ಆದರೂ ಪೀಪಿ ಮಾರುವವನ ಪೀಪಿ ಬೇರೆ, ತಮಟೆ ಬೇರೆ, ತೇರು ಎಳೆಯುವವರ ಕೂಗು ಬೇರೆ ಅಂತ ಕಿವಿಗೆ ಗೊತ್ತಾಗುತ್ತದೆ ಅಲ್ವಾ. ಸ್ವರಾತ್ಮದ ಸೌಂಡ್ ಹಾಗೆ. ಅದು ತಾನಾಗಿ ಆಗುವ ಕೆಲಸ ಅಲ್ಲ ಅಂತ ನನಗೆ ಬುದ್ಧಿ ಬಂದದ್ದು ಆಮೇಲೆ. ಅದರ ಕಥೆ ಮುಂದೆ ಇದೆ.

ಮೊದಲು ಜನರ ವಿಷಯ. ಬ್ಯಾಂಡ್ ಶುರುವಾದದ್ದು 2002ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಕುದುರೆ ಕಟ್ಟಿಕೊಂಡು ಹಾಡುತ್ತಿದ್ದವರು ವಾಸು ದೀಕ್ಷಿತ್, ಕೈಯಲ್ಲಿ ಗಿಟಾರೂ ಇರುತ್ತದೆ. ಮೈಸೂರಿನವರು, ಹಾಡುಗಾರ ರಘು ದೀಕ್ಷಿತ್ ಅವರ ತಮ್ಮ. ದಸರಾ ಮೆರವಣಿಗೆ ಮತ್ತು ಊರ ಜಾತ್ರೆಗಳಲ್ಲಿ ಕೀಲುಕುದುರೆ ನೋಡಿ ಬೆಳೆದವರಿಗೆ ಆ ಕುದುರೆ ಯಾಕೆ ಅಂತ ಹೇಳಿಕೊಡಬೇಕಾಗಿಲ್ಲ. ಪಿಟೀಲು ಸಂಜೀವ್ ನಾಯಕ್. ಬೇಸ್ ಗಿಟಾರ್ ಜಿಷ್ಣು ದಾಸ್‌ಗುಪ್ತಾ. ಡ್ರಮ್ಸ್ ಆಗ ಮಾಂಟ್ರಿ ಮ್ಯಾನುಯೆಲ್, ತಾಳವಾದ್ಯಗಳು ಪವನ್ ಕುಮಾರ್. ಲೀಡ್ ಗಿಟಾರ್‌ಗೆ ವರುಣ್ ಮುರಳಿ ಆಮೇಲೆ ಬಂದು ಸೇರಿಕೊಂಡರು. ಹೆಸರುಗಳನ್ನೇ ನೋಡಿ. ನಮ್ಮ ಯಾವುದೇ ಅಪಾರ್ಟ್‌ಮೆಂಟಿನ ಲೆಟರ್ ಬಾಕ್ಸ್ ಮೇಲೆ ಬರೆದಿರುವ ಹಾಗಿಲ್ವಾ?

ಈಗ ನನ್ನ ಕಥೆ. ಆ ಫೆಸ್ಟ್ ನೋಡಿ ತಲೆ ಕೆಟ್ಟು ನಾವು ನಾಲ್ಕು ಜನ ಒಂದು ಬ್ಯಾಂಡ್ ಮಾಡಿದೆವು. ನಾನು ಬೇಸ್. ಚಿಕ್ಕಮ್ಮನ ಮಗ ಪಿಟೀಲು, ಅಮ್ಮನ ಹತ್ತಿರವೇ ಕಲಿತವನು. ಮೂರು ತಿಂಗಳು ಒಂದು ಗ್ಯಾರೇಜಿನಲ್ಲಿ ಪ್ರಾಕ್ಟೀಸ್ ಮಾಡಿ ಒಂದು ಸಣ್ಣ ಸ್ಟೇಜ್ ಹತ್ತಿದೆವು. ಮೊದಲ ಹಾಡಿನ ಮೂವತ್ತನೇ ಸೆಕೆಂಡಿಗೆ ಪಿಟೀಲಿನಿಂದ ಕುಕ್ಕರ್ ವಿಶಲ್ ತರಹ ಕೂಗು ಬಂತು. ಸಣ್ಣಗೆ ಶುರುವಾಗಿ, ದೊಡ್ಡದಾಗಿ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುವಷ್ಟು. ಪಿಟೀಲು ಟೊಳ್ಳು ಪೆಟ್ಟಿಗೆ. ಅದರ ಮೇಲೆ ಮೈಕ್ ಸಿಕ್ಕಿಸಿ ಹಿಂದೆ ದೊಡ್ಡ ಸ್ಪೀಕರ್ ಇಟ್ಟರೆ, ಸ್ಪೀಕರಿನ ಸದ್ದಿಗೆ ಪೆಟ್ಟಿಗೆಯೇ ನಡುಗುತ್ತದೆ, ಆ ನಡುಕ ಮತ್ತೆ ಮೈಕಿಗೆ ಹೋಗುತ್ತದೆ, ಮತ್ತೆ ಸ್ಪೀಕರಿಗೆ, ಹೀಗೆ ಸುತ್ತುತ್ತಾ ಸುತ್ತುತ್ತಾ ಕೊನೆಗೆ ಕೂಗೊಂದೇ ಉಳಿಯುತ್ತದೆ. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರಿಗೆ ಈ ರೋಗ ಇಷ್ಟು ಸುಲಭವಾಗಿ ತಗಲುವುದಿಲ್ಲ. ಸೌಂಡ್ ನೋಡಿಕೊಳ್ಳುತ್ತಿದ್ದ ಅಣ್ಣ ಪಿಟೀಲಿನ ಫೇಡರನ್ನು, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿಯನ್ನು, ಪೂರ್ತಿ ಕೆಳಗೆ ಎಳೆದ. ಉಳಿದ ಮೂರು ಹಾಡು ನನ್ನ ತಮ್ಮ ಕಮಾನು ಆಡಿಸಿದ, ಯಾರಿಗೂ ಏನೂ ಕೇಳಿಸಲಿಲ್ಲ. ಅವನು ಈಗಲೂ ಅದನ್ನು ಹೇಳಿ ನನ್ನನ್ನು ಬೈಯುತ್ತಾನೆ.

ಕೂಗು ನಿಲ್ಲಿಸುವುದನ್ನು ಆಮೇಲೆ ಕಲಿತೆವು, ಬಿಡಿ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಕೂಗು ಇಲ್ಲದಾಗಲೂ ಪಿಟೀಲು ಕೇಳಿಸುತ್ತಿರಲಿಲ್ಲ! ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 41 ಸಲ ನಡುಗುತ್ತಾ, ಗುನುಗುತ್ತದೆ, ಗಿಟಾರಿನದು 82, ಪಾಶ್ಚಾತ್ಯ ಶ್ರುತಿಯ ಪಿಟೀಲಿನದು 196. ಬೇಸ್ ನೆಲದಲ್ಲಿರುತ್ತದೆ, ಅದರ ತಂಟೆ ಇಲ್ಲ. ಆದರೆ ಗಿಟಾರು ಮತ್ತು ಪಿಟೀಲು ಇವೆರಡೂ, ಅವುಗಳ ಜೊತೆ ಮನುಷ್ಯರ ಗಂಟಲೂ, ಒಂದೇ ಕಿಟಕಿಯಲ್ಲಿ ತಲೆ ಹಾಕುತ್ತವೆ. ಗಿಟಾರಿನವನು ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಒತ್ತಿದರೆ ಕಿಟಕಿ ಪೂರ್ತಿ ಅವನದೇ. ನಮ್ಮವನು ಒತ್ತಿದ ಕಾಲನ್ನು ತೆಗೆಯುತ್ತಲೇ ಇರಲಿಲ್ಲ.

ಆಮೇಲೆ ಮನೆಗೆ ಬಂದು ಸ್ವರಾತ್ಮದ ಮೊದಲ ಆಲ್ಬಮ್ ಹೆಡ್‌ಫೋನಿನಲ್ಲಿ ಮತ್ತೆ ಕೇಳಿದೆ. ಅದು ಬಂದದ್ದು 2009ರಲ್ಲಿ, ಬ್ಯಾಂಡಿನ ಹೆಸರೇ ಆಲ್ಬಮ್ಮಿಗೂ. ಈ ಸಲ ಹಾಡು ಕೇಳಲಿಲ್ಲ, ಯಾರು ಯಾವಾಗ ಬಾಯಿ ಮುಚ್ಚಿಕೊಳ್ಳುತ್ತಾರೆ ಅಂತ ಕೇಳಿದೆ. ಪಿಟೀಲು ರಾಗದ ಎಳೆ ಹಿಡಿದಾಗ ಗಿಟಾರು ಕೈ ಕಟ್ಟಿ ನಿಲ್ಲುತ್ತದೆ, ಇಲ್ಲವೇ ಒಂದೆರಡು ಸಲ ಕತ್ತರಿಸಿದ ಹಾಗೆ ಮೀಟಿ ಸುಮ್ಮನಾಗುತ್ತದೆ. ಹಾಡು ಶುರುವಾದರೆ ಪಿಟೀಲು ಹಿಂದೆ ಸರಿದು, ಸಾಲು ಮುಗಿದ ಕಡೆ ಮಾತ್ರ ಇಣುಕುತ್ತದೆ. ಚಿಕ್ಕಮ್ಮ ಪಕ್ಕವಾದ್ಯಕ್ಕೆ ಕೂತಾಗ ಮಾಡುತ್ತಿದ್ದದ್ದೂ ಇದೇ. ಗಾಯಕರು ಉಸಿರು ತೆಗೆದುಕೊಳ್ಳುವಾಗ ಆ ಸಾಲಿನ ಬಾಲ ಹಿಡಿಯುವುದು. ಲಂಡನ್ನಿನ ಯಾವ ಬ್ಯಾಂಡಿನಿಂದಲೂ ಕಲಿಯಬೇಕಾದ ವಿದ್ಯೆ ಅಲ್ಲ, ನಮ್ಮ ರಾಮನವಮಿ ಪೆಂಡಾಲಿನಲ್ಲಿ ಕೂತರೆ ಸಿಗುತ್ತದೆ.

ಸದ್ದಿನ ವಿಷಯ ಬಂತಲ್ಲ, ಪಿಟೀಲು ಚೌಡಯ್ಯನವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. ಮೈಕ್ ಇಲ್ಲದ ಕಛೇರಿಗಳಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳಿಸುವುದಿಲ್ಲ ಅಂತ ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಆಂಪ್ಲಿಫೈಯರ್ ಸಿಗದಿದ್ದರೆ ವಾದ್ಯವನ್ನೇ ಆಂಪ್ಲಿಫೈಯರ್ ಮಾಡಿಬಿಡುವುದು, ಇದಕ್ಕಿಂತ ರಾಕ್ ಬುದ್ಧಿ ಇನ್ನೇನಿದೆ! ಮಲ್ಲೇಶ್ವರದ ಹತ್ತಿರ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ, ತಂತಿ, ಕಮಾನು ಎಲ್ಲ ಸೇರಿ, 1980ರಿಂದ. ಅದರ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ನಮ್ಮ ಕುಕ್ಕರ್ ವಿಶಲ್ ನೆನಪಾಗುತ್ತದೆ.

ತಾಳದ ವಿಷಯದಲ್ಲಿ ನಾನು ಪಕ್ಷಪಾತಿ, ಬೇಸ್ ನುಡಿಸುವವನು ತಾನೇ. ಮಾಮೂಲಿ ರಾಕ್ ಹಾಡಿನಲ್ಲಿ ನಾಲ್ಕು ಎಣಿಕೆಯ ತಾಳ, ಒಂದು ಮತ್ತು ಮೂರಕ್ಕೆ ಕಾಲಿನ ಡ್ರಮ್, ಎರಡು ಮತ್ತು ನಾಲ್ಕಕ್ಕೆ ಕೋಲಿನಲ್ಲಿ ಹೊಡೆಯುವ ಸ್ನೇರ್ ಡ್ರಮ್. ಮುಗೀತು. ಅದರ ಪಕ್ಕದಲ್ಲೇ ಇನ್ನೊಬ್ಬರನ್ನು ಕೈಯಲ್ಲಿ ಬಾರಿಸುವ ವಾದ್ಯ ಕೊಟ್ಟು ಕೂರಿಸಿದರೆ, ಇಬ್ಬರೂ ಒಂದೇ ಪೆಟ್ಟು ಹಾಕುತ್ತಾ ಹಾಡನ್ನು ಭಾರ ಮಾಡುವ ಅಪಾಯವೇ ಜಾಸ್ತಿ. ಎಷ್ಟೋ ಫ್ಯೂಷನ್ ಕಛೇರಿಗಳಲ್ಲಿ ನಾನು ಅದನ್ನು ನೋಡಿದ್ದೇನೆ, ಪಾಪ ತಬಲಾದವರು ಬೆವರು ಸುರಿಸುತ್ತಿರುತ್ತಾರೆ, ಕೇಳಿಸುವುದು ಮಾತ್ರ ಡ್ರಮ್ಸ್. ಸ್ವರಾತ್ಮದಲ್ಲಿ ಹಾಗಲ್ಲ. ದೊಡ್ಡ ಪೆಟ್ಟುಗಳು ಡ್ರಮ್ಸ್‌ನವು, ಅವುಗಳ ನಡುವಿನ ಸಂದಿಯಲ್ಲಿ ಸಣ್ಣ ಪೆಟ್ಟುಗಳು ಕೈಯವು. ನನ್ನ ಮಟ್ಟಿಗೆ ಹಾಡನ್ನು ಕುಣಿಸುವುದು ಆ ಸಣ್ಣವೇ. ಮಾಂಟ್ರಿ ಆಮೇಲೆ ಗುಜರಿ ಸಾಮಾನಿನಿಂದ ವಾದ್ಯ ಮಾಡಿಕೊಂಡು 'ತಾಳವಟ್ಟಂ' ಅಂತ ತಮ್ಮದೇ ಒಂದು ಪ್ರಯೋಗ ಶುರು ಮಾಡಿದರು. ನಮ್ಮ ಮನೆಯಲ್ಲಿ ಹಳೇ ಡಬ್ಬಗಳನ್ನು ಮಾರುವ ಮುಂಚೆ ನಾನು ಒಂದೊಂದು ಸಲ ತಟ್ಟಿ ನೋಡುವುದು ಅದರಿಂದಲೇ ಬಂದ ಚಾಳಿ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಆಲ್ಬಮ್ಮಿನಲ್ಲಿ 'ಈ ಭೂಮಿ' ಅನ್ನುವ ಕನ್ನಡ ಹಾಡಿದೆ, ಆದರೆ ಜಾಸ್ತಿ ಹಾಡು ಹಿಂದಿಯವು. ಅದರಲ್ಲಿ 'ಪ್ಯಾಸಿ', ಅಂದರೆ ಬಾಯಾರಿದವಳು, ಕಾವೇರಿಯ ಬಗ್ಗೆ. ನಮ್ಮ ನಲ್ಲಿಗೆ ಬರುವ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಅಷ್ಟು ದೂರ ಹತ್ತಿ ಬಂದ ಕಾವೇರಿ ಇಲ್ಲಿ ಬಂದು ಹಿಂದಿಯಲ್ಲಿ ಬಾಯಾರಿಕೆ ಅಂದರೆ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಹಾಡು ಮಾತ್ರ ಚೆನ್ನಾಗಿದೆ. ಊರೂರು ತಿರುಗುವ ಬ್ಯಾಂಡಿನ ಲೆಕ್ಕಾಚಾರವೂ ಅರ್ಥವಾಗುತ್ತದೆ. 2012ರ ಎರಡನೇ ಆಲ್ಬಮ್ 'ಟೋಪಿವಾಲೆ', ಶಂಕರ್-ಎಹಸಾನ್-ಲಾಯ್ ಜೋಡಿಯ ಲಾಯ್ ಮೆಂಡೋನ್ಸಾ ನಿರ್ಮಾಣ. ಹೆಸರಿನ ಹಾಡು ರಾಜಕಾರಣಿಗಳ ಮೇಲೆ. ಹಿಂದಿಯವರಿಗೆ ಅದು ಟೋಪಿ ಹಾಕಿಕೊಂಡವರು, ನಮಗೆ ಟೋಪಿ ಹಾಕುವವರು. ಕನ್ನಡದ ಕಿವಿಗೆ ಒಂದು ನಗು ಜಾಸ್ತಿ ಸಿಗುವ ಹಾಡು. ಮೂರನೆಯದು, 'ರಾಹ್-ಎ-ಫಕೀರಾ', 2018ರಲ್ಲಿ ಬಂತು.

ಕನ್ನಡದ ಆಸೆಯನ್ನು ಪೂರ್ತಿ ತೀರಿಸಿದವರು ಅಣ್ಣ ರಘು. ಅವರ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳು ಗಿಟಾರಿನ ಮೇಲೆ ಕೂತು ಬಂದವು. ಅವರದು ಒಬ್ಬ ಹಾಡುಗಾರನ ಸುತ್ತ ಕಟ್ಟಿದ ಸೌಂಡ್, ತಮ್ಮನದು ಗುಂಪಿನದು. ನನಗೆ ಗುಂಪೇ ಇಷ್ಟ. ಇವರಿಬ್ಬರಿಗೂ ಮುಂಚೆ, 1996ರಿಂದ, ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನುವ ಬ್ಯಾಂಡ್ ಇದೇ ಊರಿನಲ್ಲಿ ಇಂಗ್ಲಿಷಿನಲ್ಲಿ ಹಾಡುತ್ತಾ ಬಂದಿದೆ, ಜಾಸ್, ಫಂಕ್ ಬೆರೆಸಿ, ಬ್ರೂಸ್ ಲೀ ಮಣಿ ಅವರ ಗಿಟಾರಿನೊಂದಿಗೆ. ನುಡಿಸುವುದರಲ್ಲಿ ಅವರ ಮಟ್ಟಕ್ಕೆ ಬರುವವರು ಕಡಿಮೆ. ಆದರೆ ಅವರ ಹಾಡಿಗೆ ನಾನು ತಲೆಯಾಡಿಸುತ್ತೇನೆ, ಸ್ವರಾತ್ಮಕ್ಕೆ ಕಾಲು ತಾನಾಗಿ ಎದ್ದುಬಿಡುತ್ತದೆ.

ಹೋದ ವರ್ಷ ದೀಪಾವಳಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಮೊಬೈಲಿನಲ್ಲಿ ಇವರ ಒಂದು ಲೈವ್ ವಿಡಿಯೊ ಹಾಕಿದೆ. ಮಂಡಿ ನೋವು, ಈಗ ಅವರು ಚಾಪೆ ಮೇಲೆ ಕೂರುವುದಿಲ್ಲ, ಪಿಟೀಲು ಬೀರುವಿನ ಮೇಲಿದೆ. ಕನ್ನಡಕ ಹಾಕಿಕೊಂಡು, ತೊಡೆ ಮೇಲೆ ತಾಳ ಹಾಕುತ್ತಾ, ಪೂರ್ತಿ ನೋಡಿದರು. ಶ್ರುತಿ ಚೆನ್ನಾಗಿದೆ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಹುಡುಗ ನಿಂತುಕೊಂಡು ಹೇಗೆ ಹಿಡಿದಿದ್ದಾನೆ, ಗದ್ದಕ್ಕಾ, ಭುಜಕ್ಕಾ?' ಅಂತ ಕೇಳಿ ವಿಡಿಯೊವನ್ನು ಹಿಂದಕ್ಕೆ ಹಾಕಿಸಿದರು. ಹಾಲು ಉಕ್ಕಿದ ವಾಸನೆ ಬಂದು ನಾನು ಅಡುಗೆಮನೆಗೆ ಓಡಿದೆ. ವಾಪಸ್ ಬಂದಾಗ ಅವರು ಕುರ್ಚಿ ಹಿಡಿದು ನಿಂತಿದ್ದರು, ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿಕೊಡು ಅಂದರು.