23 ಸಹಿ ಇತ್ತು, ಒಂದು ಮಾತೂ ಇರಲಿಲ್ಲ

ನಾನು ಕಟ್ಟಡದ ಸೈಟಿನಲ್ಲಿ ಸೇಫ್ಟಿ ನೋಡಿಕೊಳ್ಳುವವನು. ಬೆಳಗ್ಗೆ ಕೆಲಸಕ್ಕೆ ಕೈ ಹಾಕುವ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ಸೇರಿಸಿ ಮಾತಾಡುತ್ತೇವಲ್ಲ, ಟೂಲ್‌ಬಾಕ್ಸ್ ಟಾಕ್, ಅದರ ರಿಜಿಸ್ಟರ್ ಬರೆಯುವುದೂ ನನ್ನ ಪಾಲಿನದ್ದೇ. ಬಹಳ ದಿನ ಅದನ್ನು ಸುಮ್ನೆ ತುಂಬಿಸುತ್ತಿದ್ದೆ. ತಾರೀಖು, 'ವಿಷಯ: ಹೆಲ್ಮೆಟ್, ಹಾರ್ನೆಸ್' (ಎತ್ತರದಿಂದ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಬೆಲ್ಟು), ಕೆಳಗೆ ಸಹಿಗಳು. ಮರುದಿನ ತಾರೀಖು ಮಾತ್ರ ಬೇರೆ.

ಒಂದು ದಿನ ಪೈಪ್ ಹಾಕಲು ಅಗೆದಿದ್ದ ಗುಂಡಿಯ ಒಂದು ಮಗ್ಗುಲು ಕುಸಿಯಿತು. ಆಳ ಎರಡು ಮೀಟರಿಗಿಂತ ಜಾಸ್ತಿ. ಊಟದ ಹೊತ್ತಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ತಲೆ ಹೊರಗಿದ್ದರೂ ಸರಿ, ಎದೆ ಹೂತುಹೋದರೆ ಉಸಿರಾಡಲು ಆಗುವುದಿಲ್ಲ.

ವಿಚಾರಣೆಗೆ ಬಂದವರು ಮೊದಲು ಕೇಳಿದ್ದೇ ರಿಜಿಸ್ಟರ್. 'ಬೆಳಗ್ಗೆ ಗುಂಡಿ ಬಗ್ಗೆ ಏನು ಹೇಳಿದ್ರಿ?' ಪುಟದಲ್ಲಿ ಹೆಲ್ಮೆಟ್ ಇತ್ತು, ಹಾರ್ನೆಸ್ ಇತ್ತು, 23 ಸಹಿ ಇತ್ತು. ಅದರಲ್ಲಿ ಒಬ್ಬ ಅವತ್ತು ರಜೆಯಲ್ಲಿದ್ದ! ಅವನ ಹೆಸರಿನ ಮುಂದೆ ಯಾರೋ ಗೀಚಿದ್ದರು.

ಅದಕ್ಕಿಂತ ಚುಚ್ಚಿದ್ದು ಇನ್ನೊಂದು. ಬೆಳಗ್ಗೆ ಒಬ್ಬ ಹೆಲ್ಪರ್ ಹೇಳಿದ್ದ: 'ಸಾರ್, ಅಂಚಿನಲ್ಲಿ ಬಿರುಕು ಬಿಟ್ಟಿದೆ, ತೆಗೆದ ಮಣ್ಣನ್ನೂ ಅಲ್ಲೇ ಒಟ್ಟಿದ್ದಾರೆ.' ಮಣ್ಣಿನ ರಾಶಿ ಅಂಚಿನಿಂದ ದೂರ ಇರಬೇಕು ಅಂತ ಪಾಠ ಹೇಳುವವನು ನಾನೇ. 'ನೋಡೋಣಪ್ಪಾ' ಅಂದೆ. ಅಷ್ಟರಲ್ಲಿ ಕಾಂಕ್ರೀಟ್ ಗಾಡಿ ಬಂತು, ಮರೆತೇಹೋಯಿತು. ಬರೆದುಕೊಂಡಿದ್ದರೆ ಮರೆಯುತ್ತಿದ್ದೆನೋ ಇಲ್ಲವೋ, ಆದರೆ ಬರೆಯಲು ಆ ಫಾರಂನಲ್ಲಿ ಜಾಗವೇ ಇರಲಿಲ್ಲ. ನಾವು ಹೇಳಿದ್ದಕ್ಕೆ ಒಂದು ಕಾಲಂ, ಅವರು ಹೇಳಿದ್ದಕ್ಕೆ ಸೊನ್ನೆ.

ಈಗ ಅರ್ಧ ಪುಟ ಅವರ ಮಾತಿಗೇ ಬಿಟ್ಟಿದ್ದೇನೆ. ಯಾರು, ಏನು ಹೇಳಿದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಯುತ್ತೇವೆ. 'ಅಗೆತದಲ್ಲಿ ಅಸುರಕ್ಷಿತ ಸ್ಥಿತಿ' ಅಂತ ತಿದ್ದಿದರೆ ನಾಳೆ ಅದು ಯಾವ ಗುಂಡಿ ಅಂತ ನನಗೇ ಗೊತ್ತಾಗುವುದಿಲ್ಲ. ಪಕ್ಕದಲ್ಲಿ, ಸರಿ ಮಾಡುವವರು ಯಾರು, ಎಷ್ಟು ಗಂಟೆಯೊಳಗೆ. ಮರುದಿನದ ಮೀಟಿಂಗ್ ಶುರುವಾಗುವುದೇ ನಿನ್ನೆ ಬಾಕಿ ಉಳಿದದ್ದನ್ನು ಗಟ್ಟಿಯಾಗಿ ಓದುವುದರಿಂದ. ಮೇಸ್ತ್ರಿಗಳಿಗೆ ಇದು ಮೊದಮೊದಲು ಹಿಡಿಸಲಿಲ್ಲ. ಎಲ್ಲರೆದುರು ಹೆಸರು ಓದಿದರೆ ಯಾರಿಗೆ ತಾನೇ ಖುಷಿ, ಅಲ್ವಾ?

ಬರೆಯುವವರು ಬೇರೆ, ಮಾತಾಡುವವರು ಬೇರೆ. ಎರಡನ್ನೂ ಒಬ್ಬರೇ ಮಾಡಿದರೆ ಸಂಜೆ ನೆನಪಿನಿಂದ ತುಂಬಿಸುವ ಚಾಳಿ ಬರುತ್ತದೆ. ನನಗೆ ಬಂದಿತ್ತು.

ಸಹಿ ಕೊನೆಯಲ್ಲಿ. ಮೊದಲೇ ಪುಸ್ತಕ ಕೈಗೆ ಕೊಟ್ಟರೆ ಮಾತು ಮುಗಿಯುವ ತನಕ ಅದು ಕೈಯಿಂದ ಕೈಗೆ ತಿರುಗುತ್ತಲೇ ಇರುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಓದಲು ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ, ಆದರೆ ಅದಕ್ಕೂ ಮುಂಚೆ 'ಇವತ್ತು ಎಲ್ಲಿ ಇಳಿಯಬಾರದು, ಹೇಳಪ್ಪಾ' ಅಂತ ಒಂದಿಬ್ಬರನ್ನು ಕೇಳುತ್ತೇನೆ. ಬೇರೆ ಭಾಷೆಯವರಿದ್ದರೆ ಯಾರು ಅವರಿಗೆ ತಿಳಿಸಿ ಹೇಳಿದರು ಅನ್ನುವುದೂ ಪುಟಕ್ಕೆ ಬರುತ್ತದೆ. ತಡವಾಗಿ ಬಂದವರಿಗೆ ಬೇರೆ ಸಾಲು, ಗಂಟೆ ಸಮೇತ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ. ವೈಟ್ನರ್ ಹಚ್ಚಿದ ರಿಜಿಸ್ಟರನ್ನು ಯಾರೂ ನಂಬುವುದಿಲ್ಲ.

ಯಾರೂ ಬಾಯಿ ಬಿಡದ ದಿನ 'ಯಾರೂ ಏನೂ ಹೇಳಲಿಲ್ಲ' ಅಂತಲೇ ಬರೆಯುತ್ತೇನೆ. ಸತತ ಮೂರು ದಿನ ಹಾಗೆ ಬಂದರೆ ಸೈಟು ಸರಿಯಾಗಿದೆ ಅಂತ ನಾನು ಅಂದುಕೊಳ್ಳುವುದಿಲ್ಲ, ನನ್ನ ಭಾಷಣ ಜಾಸ್ತಿಯಾಗಿದೆ ಅಂದುಕೊಳ್ಳುತ್ತೇನೆ. ನಾಲ್ಕನೇ ದಿನ ಮಾತಾಡುವ ಕೆಲಸ ಕಬ್ಬಿಣದ ಸರಳು ಬಗ್ಗಿಸುವ ಬಾರ್‌ಬೆಂಡರ್ ಒಬ್ಬರಿಗೆ. ನಾನು ಪೆನ್ನು ಹಿಡಿದು ಹಿಂದೆ ನಿಲ್ಲುತ್ತೇನೆ.