ಎವರೆಸ್ಟ್ ದಾರಿಯಲ್ಲಿ ಚಟ್ನಿಪುಡಿಯ ತೂಕ

ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಏನೇನು ಬೇಕೆಂಬ ಪಟ್ಟಿ ಎಲ್ಲೆಡೆ ಸಿಗುತ್ತದೆ. ಇಲ್ಲದಿದ್ದರೂ ಜೀವ ಹೋಗದ ಸಾಮಾನುಗಳ ವಿಷಯವನ್ನಷ್ಟೇ ನಾನು ಬರೆಯುತ್ತೇನೆ.

ಸೀಸನ್‌ನಲ್ಲಿ, ನಡಿಗೆ ಶುರುವಾಗುವ ಲುಕ್ಲಾದ ವಿಮಾನ ಹೆಚ್ಚಾಗಿ ಕಠ್ಮಂಡುವಿನಿಂದಲ್ಲ, ರಾಮೇಛಾಪ್‌ನಿಂದ ಹೊರಡುತ್ತದೆ. ಅಲ್ಲಿಗೆ ತಲುಪಲು ಕಠ್ಮಂಡುವಿನಲ್ಲಿ ನಡುರಾತ್ರಿ ಜೀಪು ಹತ್ತಬೇಕು. ಇಡೀ ಸೀಟಿಗೆ ಹಣ ತೆತ್ತ ನನ್ನ ತೊಡೆಯ ಮೇಲೆ ದಾರಿಯುದ್ದಕ್ಕೂ ಯಾರದೋ ಮೂಟೆ. ವಿಮಾನದಲ್ಲಿ ಕೈಚೀಲವೂ ಸೇರಿ 15 ಕಿಲೋ ಮಾತ್ರ. ತಕ್ಕಡಿ ಒಂದೂವರೆ ಕಿಲೋ ಹೆಚ್ಚು ತೋರಿಸಿತು. ಕೋಡುಬಳೆಯ ಡಬ್ಬಿಯನ್ನು ಕೌಂಟರಿನವರಿಗೇ ಒಪ್ಪಿಸಿದೆ. ಚಟ್ನಿಪುಡಿ ಜಾಕೆಟ್ಟಿನ ಜೇಬು ಸೇರಿ ಉಳಿದುಕೊಂಡಿತು.

ಕಿವಿಗೆ ತುರುಕುವ ರಬ್ಬರ್ ಬಿರಡೆ ಒಯ್ಯಿರಿ. ಲಾಡ್ಜುಗಳ ಗೋಡೆ ಬರೀ ಪ್ಲೈವುಡ್. ಲೊಬುಚೆಯಲ್ಲಿ ಪಕ್ಕದ ಕೋಣೆಯವರ ಒಣಕೆಮ್ಮನ್ನು ರಾತ್ರಿಯಿಡೀ ಎಣಿಸಿದ್ದೇನೆ. ಗದ್ದಲ ಸಹಿಸುವವರಿಗೆ ಬೇಡವೇನೋ, ನನಗಂತೂ ಅದು ಔಷಧಿಗಿಂತ ಮುಖ್ಯ.

ಎರಡನೆಯದು ರಬ್ಬರಿನ ಬಿಸಿನೀರಿನ ಚೀಲ. ಥರ್ಮಾಸಿನ ಬಿಸಿನೀರಿಗೆ ಮೇಲೆ ಹೋದಂತೆಲ್ಲ ದರ ಏರುತ್ತದೆ, ನಿಜ. ಆದರೆ ರಾತ್ರಿ ಕಾಲಿಗೆ ಒತ್ತಿಕೊಂಡು ಮಲಗಿ, ಬೆಳಗ್ಗೆ ಅದೇ ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆದರೆ ದುಡ್ಡು ವಸೂಲಾಗುತ್ತದೆ. ಫೋನನ್ನೂ ಜೊತೆಗೇ ಮಲಗಿಸಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. 5,164 ಮೀಟರ್ ಎತ್ತರದ ಗೋರಕ್‌ಶೆಪ್‌ನಲ್ಲಿ ಒಮ್ಮೆ ಚಾರ್ಜ್ ಮಾಡಲು ನನ್ನಿಂದ 500 ನೇಪಾಳಿ ರೂಪಾಯಿ ಕಿತ್ತರು. ನಮ್ಮ ಹಣದಲ್ಲಿ ಮುನ್ನೂರು ದಾಟಿತು!

ಊಟಕ್ಕೆ ದಾಲ್‌ಭಾತನ್ನೇ ನೆಚ್ಚಿಕೊಳ್ಳಿ, ಮತ್ತೆ ಮತ್ತೆ ಬಡಿಸುತ್ತಾರೆ. ಎವರೆಸ್ಟ್ ಸುತ್ತಲಿನ ಈ ಖುಂಬು ಸೀಮೆಯಲ್ಲಿ ಪ್ರಾಣಿವಧೆ ಇಲ್ಲ, ಮಾಂಸ ಕೆಳಗಿನಿಂದ ಹೊತ್ತು ತಂದದ್ದು, ಎಷ್ಟು ದಿನದ್ದೋ. ಡಿಂಗ್‌ಬೊಚೆಗೆ ಹೋಗುವಾಗ ಸೊಮಾರೆಯಲ್ಲಿ ನಾಲ್ಕು ಮೇಜಿನ ಒಂದು ಹೋಟೆಲಿಗೆ ಹೊಕ್ಕೆ. ದೀದಿ ಆಗಷ್ಟೇ ಬೇಯಿಸಿದ, ಸಿಪ್ಪೆ ಬಿರಿದ ಆಲೂಗಡ್ಡೆಯನ್ನು ತಟ್ಟೆ ತುಂಬ ಸುರಿದರು, ಪಕ್ಕದಲ್ಲಿ ಉಪ್ಪು, ಅರೆದ ಮೆಣಸಿನಕಾಯಿ. ಆ ಮಣ್ಣಿನ ಆಲೂಗಡ್ಡೆಗೆ ಬೆಣ್ಣೆಯ ರುಚಿಯಿದೆ. ಮೇಲೆ ಚಟ್ನಿಪುಡಿ ಉದುರಿಸಿಕೊಂಡೆ. ದೀದಿ ಚಿಟಿಕೆ ನೆಕ್ಕಿ ನೋಡಿ, ತಮ್ಮ ತಟ್ಟೆಯನ್ನೂ ತಂದು ಎದುರು ಕುಳಿತರು. ಇಡೀ ಪ್ರವಾಸದಲ್ಲೇ ಅಗ್ಗದ ಊಟವೂ ಅದೇ.

ಸೋತದ್ದು ಸ್ಟೀಲಿನ ಕಾಫಿ ಫಿಲ್ಟರ್. ಗೋರಕ್‌ಶೆಪ್‌ನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಡಿಕಾಕ್ಷನ್ ತೆಳ್ಳಗೆ ಇಳಿಯಿತು, ಹಾಲು ಪುಡಿಯದು, ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ತಣ್ಣಗಾಯಿತು.

ಇಳಿಯುವಾಗ ಸೊಮಾರೆಯ ದೀದಿಗೆ ಎರಡನ್ನೂ ಕೊಡಲು ಹೋದೆ. ಚಟ್ನಿಪುಡಿ ಇಟ್ಟುಕೊಂಡು ಫಿಲ್ಟರನ್ನು ಹಿಂದಿರುಗಿಸಿದರು.