ರಿಕೆಲ್ಮೆಯನ್ನು ಎಲ್ಲಿ ನಿಲ್ಲಿಸಬೇಕಿತ್ತು

ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಹುವಾನ್ ರೋಮನ್ ರಿಕೆಲ್ಮೆ ಎಂದೊಡನೆ ಹಲವರು ‘ತುಂಬಾ ನಿಧಾನ’ ಎಂದುಬಿಡುತ್ತಾರೆ. ಓಟದಲ್ಲಿ ನಿಧಾನ, ನಿಜ. ಆದರೆ ಚೆಂಡು ಕಾಲಿಗೆ ಬರುವ ಮೊದಲೇ ಆತ ಎರಡು ಸಲ ಹಿಂದೆ ತಿರುಗಿ ನೋಡಿರುತ್ತಿದ್ದ. ಪಾಸ್ ಯಾರಿಗೆ ಹೋಗಬೇಕೆಂಬುದು ಆಗಲೇ ತೀರ್ಮಾನವಾಗಿರುತ್ತಿತ್ತು. ಅಷ್ಟು ಗೊತ್ತಿದ್ದವನಿಗೆ ಓಡುವ ಅಗತ್ಯ ಕಡಿಮೆ.

ಡಿಫೆಂಡರ್ ಬೆನ್ನಿಗಂಟಿದಾಗ ಆತ ಏನು ಮಾಡುತ್ತಿದ್ದ ಎಂಬುದನ್ನು ಗಮನಿಸಿ ನೋಡಬೇಕು. ಚೆಂಡನ್ನು ದೂರದ ಕಾಲಿನ ಅಂಗಾಲಡಿ ಹಿಡಿದು, ಸೊಂಟ ಮತ್ತು ತೋಳನ್ನು ನಡುವೆ ತಂದು ನಿಲ್ಲುತ್ತಿದ್ದ. ಎದುರಾಳಿ ತಾಳ್ಮೆಗೆಟ್ಟು ಕಾಲು ಚಾಚಿದ ಕೂಡಲೇ ಚೆಂಡು ಅಂಗಾಲಿನಿಂದಲೇ ಉರುಳಿ ಇನ್ನೊಂದು ಕಡೆ. 2000ದಲ್ಲಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿಯಾದ ಲಿಬರ್ಟಡೋರೆಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ರಿವರ್ ಪ್ಲೇಟ್‌ನ ಮಾರಿಯೋ ಯೆಪೆಸ್‌ನ ಕಾಲುಗಳ ನಡುವೆ ಚೆಂಡು ನುಸುಳಿದ್ದು ಹೀಗೆಯೇ. ಆತನ ಕ್ಲಬ್ ಬೋಕಾ ಜೂನಿಯರ್ಸ್ ಅಂದು 3–0 ಗೆದ್ದಿತು. ಅದೇ ವರ್ಷ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ, ತನ್ನ ಅರ್ಧದಿಂದ ಆತ ಕೊಟ್ಟ ಉದ್ದನೆಯ ಪಾಸ್‌ಗೆ ಮಾರ್ಟಿನ್ ಪಲೆರ್ಮೊ ಎರಡನೇ ಗೋಲು ಹೊಡೆದ. ಆಟ ಶುರುವಾಗಿ ಆರೇ ನಿಮಿಷವಾಗಿತ್ತು.

ಇಂಥ ಆಟಗಾರ ಬೇಕೆಂದರೆ ತಂಡ ಬೆಲೆ ತೆರಬೇಕು. ಆತ ಹಿಂದಕ್ಕೆ ಓಡಿ ಚೆಂಡು ಕಸಿಯುವವನಲ್ಲ. ಆ ಕೆಲಸಕ್ಕೆ ಹಿಂದೆ ಇಬ್ಬರಾದರೂ ಬೇಕು. ನಡುವೆ ಜನ ಹೆಚ್ಚಾದರೆ ಅಂಚುಗಳು ಖಾಲಿ, ಅಲ್ಲಿಗೆ ಫುಲ್‌ಬ್ಯಾಕ್‌ಗಳು, ಅಂದರೆ ಎರಡು ಬದಿಯ ಡಿಫೆಂಡರ್‌ಗಳು, ಏರಿ ಬರಬೇಕು. ಮುಂದಿನ ಇಬ್ಬರು ಒಂದೆಡೆ ನಿಂತರೆ ಆತನ ಪಾಸ್‌ಗೆ ದಾರಿಯೇ ಇರುವುದಿಲ್ಲ.

2002ರಲ್ಲಿ ಬಾರ್ಸಿಲೋನಾ ಸೇರಿದಾಗ ಕೆಟ್ಟಿದ್ದು ಇಲ್ಲಿಯೇ. ಕೋಚ್ ಲೂಯಿ ವಾನ್ ಗಾಲ್ ಆತನನ್ನು ಹೆಚ್ಚಾಗಿ ಅಂಚಿಗೆ ತಳ್ಳಿದರು. ಗೆರೆಯ ಪಕ್ಕ ನಿಂತವನಿಗೆ ಒಂದೇ ಬದಿಯಲ್ಲಿ ಜಾಗ. ಅಲ್ಲಿ ಬೇಕಾದದ್ದು ವೇಗ, ಆತನಲ್ಲಿಲ್ಲದ್ದು ಅದೇ. ಆಟಗಾರ ಅಷ್ಟೇ ಒಳ್ಳೆಯವನಾಗಿದ್ದ, ಜಾಗ ತಪ್ಪಾಗಿತ್ತು.

ಸ್ಪೇನಿನದೇ ಇನ್ನೊಂದು ಕ್ಲಬ್ ವಿಯ್ಯಾರಿಯಲ್‌ನಲ್ಲಿ ಜಾಗ ಸರಿಹೋಯಿತು. ಕೋಚ್ ಮ್ಯಾನುವೆಲ್ ಪೆಲೆಗ್ರಿನಿ ಇಡೀ ಆಟವನ್ನು ಆತನ ಸುತ್ತ ಕಟ್ಟಿದರು. ಹಿಂದೆ ಮಾರ್ಕೋಸ್ ಸೆನ್ನಾ ಕಾವಲು, ಎಡದಲ್ಲಿ ಸೊರಿನ್ ಓಟ, ಮುಂದೆ ಡಿಯೆಗೋ ಫೋರ್ಲಾನ್. 2004–05ರಲ್ಲಿ ಫೋರ್ಲಾನ್ 25 ಗೋಲು ಹೊಡೆದ, ತಂಡ ಸ್ಪೇನಿನ ಲೀಗ್ ಲಾ ಲಿಗಾದಲ್ಲಿ ಮೂರನೇ ಸ್ಥಾನಕ್ಕೇರಿತು. ಮರುವರ್ಷ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಸೆಮಿಫೈನಲ್. ಆರ್ಸೆನಲ್ ವಿರುದ್ಧ ಕೊನೆಗಳಿಗೆಯಲ್ಲಿ ರಿಕೆಲ್ಮೆಯ ಪೆನಾಲ್ಟಿಯನ್ನು ಗೋಲ್‌ಕೀಪರ್ ಲೆಹ್ಮನ್ ತಡೆದರು. ಆತನನ್ನು ನೆನೆಯುವವರು ಆ ಒಂದು ಒದೆತವನ್ನೇ ಎತ್ತಿ ತೋರಿಸುವುದು ನನಗೆ ಅನ್ಯಾಯವೆನಿಸುತ್ತದೆ. ಸಣ್ಣ ಪಟ್ಟಣವೊಂದರ ತಂಡವನ್ನು ಅಲ್ಲಿಯವರೆಗೆ ತಂದವನೂ ಆತನೇ.

2006ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಕೋಚ್ ಹೋಸೆ ಪೆಕರ್ಮನ್ ಕೂಡ ಅದೇ ವ್ಯವಸ್ಥೆಗೆ ಕೈಹಾಕಿದರು: ಹಿಂದೆ ಮಾಶೆರಾನೋ, ಬಲಕ್ಕೆ ಮಾಕ್ಸಿ ರೋಡ್ರಿಗೆಸ್, ನಡುವೆ ರಿಕೆಲ್ಮೆ. ಸರ್ಬಿಯಾ–ಮಾಂಟೆನೆಗ್ರೋ ವಿರುದ್ಧ 20ಕ್ಕೂ ಹೆಚ್ಚು ಪಾಸ್‌ಗಳ ನಂತರ ಕಾಂಬಿಯಾಸೋ ಹೊಡೆದ ಗೋಲು ಈ ವ್ಯವಸ್ಥೆಯ ಫಲ. ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ವಿರುದ್ಧ ಆತನ ಕಾರ್ನರ್‌ಗೆ ಅಯಾಲಾ ತಲೆಯಿಂದ ಗೋಲು ಹೊಡೆದ, 1–0. 72ನೇ ನಿಮಿಷಕ್ಕೆ ಮುನ್ನಡೆ ಕಾಯಲೆಂದು ರಿಕೆಲ್ಮೆಯನ್ನೇ ಹೊರಗೆ ಕರೆದರು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಸಮಯ ಕಳೆಯಬಲ್ಲವನೇ ಬೆಂಚಿನಲ್ಲಿ ಕುಳಿತ. 80ನೇ ನಿಮಿಷಕ್ಕೆ ಜರ್ಮನಿಯ ಕ್ಲೋಸೆ ಸಮ ಮಾಡಿದ. ಪೆನಾಲ್ಟಿಗಳಲ್ಲಿ ಅರ್ಜೆಂಟೀನಾ ಸೋತಿತು. ಮುನ್ನಡೆ ಉಳಿಸಿಕೊಳ್ಳಲು ಆತನೇ ಸರಿಯಾದ ಆಟಗಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೆಸ್ಸಿ, ಅಗುವೆರೋ, ಡಿ ಮರಿಯಾ ಇದ್ದ ತಂಡಕ್ಕೆ ನಾಯಕನಾಗಿ ರಿಕೆಲ್ಮೆ ಚಿನ್ನ ಗೆದ್ದ. ನಿವೃತ್ತಿ 2015ರ ಜನವರಿಯಲ್ಲಿ, 2023ರ ಡಿಸೆಂಬರ್‌ನಿಂದ ಬೋಕಾ ಕ್ಲಬ್‌ನ ಅಧ್ಯಕ್ಷ.

ಆತನನ್ನು ಹೊಸದಾಗಿ ನೋಡುವವರು 2007ರ ಲಿಬರ್ಟಡೋರೆಸ್ ಫೈನಲ್‌ನಿಂದ ಶುರುಮಾಡಿ. ಬೋಕಾಗೆ ಬ್ರೆಜಿಲ್‌ನ ಗ್ರೆಮಿಯೋ ವಿರುದ್ಧ ಎರಡು ಪಂದ್ಯ, ಒಟ್ಟು 5–0. ಗ್ರೆಮಿಯೋದ ಊರಾದ ಪೋರ್ಟೊ ಅಲೆಗ್ರೆಯಲ್ಲಿ ನಡೆದ ಪಂದ್ಯದ ಎರಡೂ ಗೋಲು ಆತನವೇ. ಗೋಲುಗಳ ತುಣುಕು ಸಾಲದು, ಪೂರ್ತಿ ಪಂದ್ಯ ಬೇಕು. ಚೆಂಡನ್ನು ಬಿಟ್ಟು ಹತ್ತು ನಿಮಿಷ ಆತನ ಕುತ್ತಿಗೆಯನ್ನಷ್ಟೇ ನೋಡಿ: ಪಾಸ್ ಬರುವ ಮುನ್ನ ಎಷ್ಟು ಸಲ, ಯಾವ ಕಡೆ ತಿರುಗುತ್ತದೆ ಎಂದು.